ಆರು ಗಂಟೆ ಅವರಿಗೆ, ಇಪ್ಪತ್ನಾಲ್ಕು ಗಂಟೆ ನಮಗೆ!

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಹಳ್ಳಿಹಳ್ಳಿಯ ಬಂಧುಗಳೇ,

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ಹಿರಿಯರು ಹೇಳುತ್ತಿದ್ದರು. ಈಗ ಭರಣಿ ಬಂದರೆ ಧರಣಿಯೆಲ್ಲ ಕತ್ತಲೆ. ಕಳೆದ ಗುರುವಾರ ಸಂಜೆ ಐದೂವರೆಗೆ ಗಾಳಿ ಎದ್ದಿತು, ಆರಕ್ಕೆ ಮಳೆ ನಿಂತಿತು. ಆರೂಕಾಲಿಗೆ ನಾವು ಹೊರಗೆ ಬಂದು ಉದುರಿದ ಮಾವಿನಕಾಯಿ ಆರಿಸಿದೆವು. ಕರೆಂಟು ಬಂದದ್ದು ಶನಿವಾರ ಮಧ್ಯಾಹ್ನ ಮೂರಕ್ಕೆ. ಅರ್ಧ ಗಂಟೆಯ ಗಾಳಿಗೆ ನಲವತ್ತೈದು ಗಂಟೆಯ ಕತ್ತಲು!

ಏನಾಗಿತ್ತು? ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಸುಟ್ಟಿರಲಿಲ್ಲ. ಕಂಬ ಮುರಿದಿರಲಿಲ್ಲ. ಒಂದು ನೀಲಗಿರಿ ಕೊಂಬೆ ಲೈನಿನ ಮೇಲೆ ಬಿದ್ದು, ತಂತಿಗೆ ತಂತಿ ಜೋಡಿಸುವ ಜಂಪ್ ಕಟ್ಟಾಗಿತ್ತು. ಆ ಕೊಂಬೆ ತಂತಿಗೆ ತಾಗುತ್ತಿದೆ ಎಂದು ಶಿವರಾತ್ರಿಗೆ ಮೊದಲೇ ಕರೆಂಟು ಕಚೇರಿಗೆ ಅರ್ಜಿ ಕೊಟ್ಟಿದ್ದೆವು. ಅರ್ಜಿಗೆ ಸೀಲು ಬಿತ್ತು, ಕೊಂಬೆಗೆ ಮಚ್ಚು ಬೀಳಲಿಲ್ಲ.

ಆ ಎರಡು ರಾತ್ರಿ ನಮ್ಮ ಬೀದಿಯ ಒಂದೇ ಮನೆಯ ಕಥೆ ಕೇಳಿ. ಮುಂದಿನ ಕೋಣೆಯಲ್ಲಿ ಎರಡು ಪವರ್‌ಲೂಮ್. ಸೀರೆ ಸೆರಗಿನ ತನಕ ಬಂದಿತ್ತು, ಲಾಳಿ ಅರ್ಧ ದಾರಿಯಲ್ಲಿ ನಿಂತಿತು. ಹೀಗೆ ನಿಂತ ಮಗ್ಗ ಮತ್ತೆ ಹೊರಟಾಗ ಬಟ್ಟೆಯ ಮೇಲೆ ಅಡ್ಡಕ್ಕೆ ಒಂದು ಪಟ್ಟೆ ಬೀಳುತ್ತದೆ. ಅಂಗಡಿಯವರು ಸೀರೆಯನ್ನು ಬೆಳಕಿಗೆ ಹಿಡಿದು ಮೊದಲು ಹುಡುಕುವುದು ಅದನ್ನೇ. ಕೂಲಿಯಲ್ಲಿ ಮುರಿದುಕೊಳ್ಳುವುದು ಮಾತ್ರ ನೇಕಾರನಿಂದ, ಜಂಪ್ ಕಟ್ಟಲು ಬಾರದವರಿಂದಲ್ಲ. ಒಳಮನೆಯಲ್ಲಿ ಅಜ್ಜಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಸೀಸೆಗೆ ಒದ್ದೆ ಬಟ್ಟೆ ಸುತ್ತಿ ಮಡಕೆಯಲ್ಲಿಟ್ಟು, ಬೆಣ್ಣೆ ಕಾಯುವಂತೆ ಕಾದರು. ಬೋರ್‌ವೆಲ್ ಮೋಟರ್ ಓಡದೆ ನಲ್ಲಿಯಲ್ಲಿ ನೀರಿಲ್ಲ. ಶುದ್ಧ ನೀರಿನ ಘಟಕಕ್ಕೂ ಬೀಗ. ಕೆರೆಗಳು ತುಂಬಿದ್ದ ಕಾಲದಲ್ಲಿ ಕತ್ತಲಾದರೂ ಕುಡಿಯಲು ನೀರಿತ್ತು. ಈಗ ನೀರೆಂದರೆ ಕರೆಂಟು, ಕರೆಂಟೆಂದರೆ ನೀರು. ಇದು ಕಚೇರಿಯಲ್ಲಿ ಕೂತವರಿಗೆ ತಿಳಿಯದ ಸಂಗತಿಯೇನಲ್ಲ.

ಈಗ ಅಸಲು ವಿಷಯ. ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2004ರಲ್ಲೇ ನಿಯಮ ಬರೆದಿದೆ. ಫ್ಯೂಸ್ ಹೋದರೆ, ತಂತಿ ಕಡಿದರೆ ನಗರ-ಪಟ್ಟಣಗಳಲ್ಲಿ 6 ಗಂಟೆಯೊಳಗೆ ಸರಿಪಡಿಸಬೇಕು, ಹಳ್ಳಿಯಲ್ಲಿ 24 ಗಂಟೆಯೊಳಗೆ. ಟಿಸಿ ಸುಟ್ಟರೆ ಅವರಿಗೆ 24, ನಮಗೆ 72. ಓದಿದಿರಾ? ಇನ್ನೊಮ್ಮೆ ಓದಿ. ಅವರಿಗೆ ಆರು, ನಮಗೆ ಇಪ್ಪತ್ನಾಲ್ಕು! ಲೆಕ್ಕ ಹಾಕಿದರೆ ಹಳ್ಳಿಯ ನಾಲ್ಕು ಜನ ಸೇರಿ ಪಟ್ಟಣದ ಒಬ್ಬನಿಗೆ ಸಮ. ನಮ್ಮ ಮನೆಯ ಮಗು ಕತ್ತಲಲ್ಲಿ ಅತ್ತರೆ ಕಾಲು ಭಾಗ ಅತ್ತಂತೆ, ನಮ್ಮ ಹಾಲು ಒಡೆದರೆ ಕಾಲು ಭಾಗ ಒಡೆದಂತೆ. ಆ ಇಪ್ಪತ್ನಾಲ್ಕನ್ನೂ ಕರೆಂಟು ಕಂಪನಿಯವರು ಉಳಿಸಿಕೊಂಡಿಲ್ಲ, ನಲವತ್ತೈದು ಮಾಡಿದ್ದಾರೆ.

ಗಡುವು ಮೀರಿದರೆ ಗ್ರಾಹಕನಿಗೆ ಪರಿಹಾರ ಕೊಡಬೇಕೆಂದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 57ನೇ ಕಲಂ ಹೇಳುತ್ತದೆ. ನಿಮ್ಮಲ್ಲಿ ಯಾರ ಬಿಲ್ಲಿನಲ್ಲಾದರೂ ಆ ಪರಿಹಾರದ ಒಂದು ರೂಪಾಯಿ ಕಂಡಿದ್ದೀರಾ? ಕಾಣುವುದಿಲ್ಲ. ಪ್ರವಾಹ, ಚಂಡಮಾರುತ, ಭೂಕಂಪವಾದರೆ ಗಡುವು ಅನ್ವಯಿಸದು ಎಂಬ ಕಿಂಡಿ ಆಯೋಗದ ನಿಯಮದಲ್ಲೇ ಇದೆ. ಹಾಗಾಗಿ ಕಾಗದದ ಮೇಲೆ ನಮ್ಮ ಗಾಳಿಗೆ ಬಡ್ತಿ ಸಿಗುತ್ತದೆ. ಅರ್ಧ ಗಂಟೆಯ ಭರಣಿ ಗಾಳಿ ಸಂಜೆಯೊಳಗೆ ಚಂಡಮಾರುತವಾಗುತ್ತದೆ!

ಸ್ವಾಮಿ, ಚಂಡಮಾರುತ ಎಂದರೇನು ಗೊತ್ತೆ? 2019ರ ಮೇ 3ರಂದು ಪುರಿಯ ಹತ್ತಿರ ಫನಿ ದಡಕ್ಕೆ ಬಿತ್ತು. ಭುವನೇಶ್ವರದಂಥ ರಾಜಧಾನಿ ದಿನಗಟ್ಟಲೆ ಕತ್ತಲಲ್ಲಿ ಕೂತಿತು. ಅಲ್ಲಿ ಮರ ಬೇರುಸಹಿತ ಕಿತ್ತುಬಂದಿತ್ತು, ಕಂಬ ನೆಲ ಕಚ್ಚಿತ್ತು. ಅವರ ಕಷ್ಟಕ್ಕೆ ಅರ್ಥವಿದೆ. ನಮ್ಮಲ್ಲಿ ಸಮುದ್ರವೆಲ್ಲಿದೆ? 2024ರ ನವೆಂಬರ್ 30ರಂದು ಫೆಂಗಲ್ ಪುದುಚೇರಿ ಬಳಿ ದಡ ಸೇರಿದಾಗ ನಮಗೆ ಬಂದದ್ದು ಜಡಿಮಳೆ, ಚಳಿ, ಮಕ್ಕಳಿಗೆ ನೆಗಡಿ. ಎಲೆ ಅಲುಗುವಷ್ಟು ಗಾಳಿಯೂ ಇರಲಿಲ್ಲ. ಆದರೂ ನಮ್ಮ ಬೀದಿಯಲ್ಲಿ ಆಗ ಎರಡು ದಿನದಲ್ಲಿ ಏಳು ಸಲ ಕರೆಂಟು ಹೋಯಿತು. ಮಳೆಯಿಲ್ಲದ ದಿನಗಳಲ್ಲಿ ಇನ್ಸುಲೇಟರ್ ಮೇಲೆ ಧೂಳು ಕೂರುತ್ತದೆ, ಮೊದಲ ತುಂತುರಿಗೆ ಆ ಧೂಳು ಒದ್ದೆಯಾಗಿ ಕಿಡಿ ಹಾರುತ್ತದೆ, ಸಬ್‌ಸ್ಟೇಷನ್ನಿನಲ್ಲಿ ಲೈನ್ ಟ್ರಿಪ್ ಆಗುತ್ತದೆ. ಒರೆಸುವವರಿಲ್ಲ. ಇದು ಕೊಲ್ಲಿಯಲ್ಲಿ ಎದ್ದ ಮಾರುತವಲ್ಲ, ಕಚೇರಿಯಲ್ಲಿ ಕೂತ ಮಾರುತ.

"ಉಚಿತ ಕರೆಂಟು ತಗೊಂಡು ಇಷ್ಟು ಮಾತಾಡ್ತೀರಲ್ಲ" ಎಂದರು ಕಂಪನಿಯ ಒಬ್ಬ ಸಾಹೇಬರು. ಹೌದು ಸಾಹೇಬರೇ, ಗೃಹಜ್ಯೋತಿ ಬಂದ 2023ರಿಂದ ತಿಂಗಳಿಗೆ 200 ಯುನಿಟ್ ಒಳಗಿನ ನಮಗೆ ಸೊನ್ನೆ ಬಿಲ್ಲು ಬರುತ್ತಿದೆ. ಆ ಹಣವನ್ನು ಸರ್ಕಾರ ಕಂಪನಿಗೆ ಕಟ್ಟುತ್ತದೆ, ಸರ್ಕಾರಕ್ಕೆ ನಾವು ಕಟ್ಟುತ್ತೇವೆ. ಸಂಬಳದಿಂದ ಕೊಟ್ಟಿದ್ದೀರೇನೋ ಎಂಬಂತೆ ಮಾತಾಡಬೇಡಿ. ಸೊನ್ನೆಯ ಗೆರೆ ದಾಟಿದವರಿಗೆ 2025ರ ಏಪ್ರಿಲ್‌ನಿಂದ ನಿಮ್ಮ ನೌಕರರ ಪಿಂಚಣಿ, ಗ್ರಾಚ್ಯುಟಿಗೆಂದು ಯುನಿಟ್‌ಗೆ 36 ಪೈಸೆ ಹೆಚ್ಚು ಬಿತ್ತು, ನಿಗದಿತ ಶುಲ್ಕವೂ ಏರಿತು. ಕತ್ತಲಲ್ಲಿದ್ದ ನಲವತ್ತೈದು ಗಂಟೆಗೆ ಆ ನಿಗದಿತ ಶುಲ್ಕದಲ್ಲಿ ಎಷ್ಟು ಕಳೆದಿರಿ?

"ಪವರ್‌ಮನ್ ಏನು ಮಾಡ್ತಾನೆ ಪಾಪ" ಎಂದು ಕೆಲವರು. ಅದನ್ನು ನಾವೂ ಹೇಳುತ್ತೇವೆ. ಏಣಿಯನ್ನು ತನ್ನದೇ ಬೈಕಿಗೆ ಕಟ್ಟಿಕೊಂಡು, ಮಳೆಯಲ್ಲಿ ನೆನೆದು ಬಂದ ಆ ಹುಡುಗನಿಗೆ ನಾವೇ ಕಾಫಿ ಕೊಟ್ಟೆವು, ಟಾರ್ಚ್ ಹಿಡಿದೆವು. ಇಷ್ಟೊಂದು ಊರಿಗೆ ಅವನೊಬ್ಬನನ್ನೇ ಬಿಟ್ಟವರ ಮೇಲೆ ನಮ್ಮ ಸಿಟ್ಟು.

ಇನ್ನು ನಮ್ಮ ಪಟ್ಟಣದ ಅಣ್ಣಂದಿರು. ಮಗ್ಗದ ಹೋರಾಟಕ್ಕೆ ನಮ್ಮನ್ನು ಲಾರಿಯಲ್ಲಿ ತುಂಬಿಕೊಂಡು ಹೋಗಿದ್ದಿರಿ, ನಾವು ಬಂದೆವು, ಘೋಷಣೆ ಕೂಗಿದೆವು. ಗುರುವಾರ ರಾತ್ರಿ ಪಟ್ಟಣಕ್ಕೆ ಕರೆಂಟು ಬಂದದ್ದೇ ತಡ, ನಿಮ್ಮ ಫೋನು ಸ್ವಿಚ್ ಆಫ್! ಆರು ಗಂಟೆಯವರ ಸಾಲಿನಲ್ಲಿ ಕೂತ ಮೇಲೆ ಇಪ್ಪತ್ನಾಲ್ಕು ಗಂಟೆಯವರ ನೆನಪೇಕೆ? ನಮ್ಮ ಹೊಲಗಳಲ್ಲೇ ಎದ್ದ ಬಡಾವಣೆಗಳ ಮಹನೀಯರಿಗೂ ಒಂದು ಮಾತು. ನಿಮ್ಮ ಜನರೇಟರ್ ಸದ್ದಿಗೆ ನಮ್ಮ ದನ ಬೆದರುತ್ತವೆ. ಸೈಟಿನ ರೇಟು ಬೆಂಗಳೂರಿನದು, ಕರೆಂಟಿನ ಗಡುವು ಪಂಚಾಯಿತಿಯದು ಎಂದು ನಿಮಗೂ ತಿಳಿದಿದೆ. ಡೀಸೆಲ್ ಸುರಿದು ಸುಮ್ಮನಿದ್ದೀರಿ. ನೀವು ಸುಮ್ಮನಿರುವುದರಿಂದಲೇ ಸಾಹೇಬರಿಗೆ ನಿದ್ದೆ.

ನಮ್ಮೊಳಗೂ ಇದ್ದಾರೆ, ಬಿಡಿ. ರಾತ್ರಿ ಲೈನಿಗೆ ಹುಕ್ ಹಾಕಿ ಬೆಳಿಗ್ಗೆ ವೋಲ್ಟೇಜ್ ಇಲ್ಲ ಎಂದು ಮೊದಲು ಕೂಗುವವರು. ಅವರು ಈ ಕರಪತ್ರ ಓದದಿದ್ದರೂ ನಷ್ಟವಿಲ್ಲ.

1986ರಲ್ಲಿ ಬೆಂಗಳೂರಿನಿಂದ ಬೇರೆ ಮಾಡಿ ನಮ್ಮನ್ನು ಗ್ರಾಮಾಂತರ ಎಂದರು. ದೇವನಹಳ್ಳಿಯ ಮಣ್ಣಿನಲ್ಲಿ 2008ರಲ್ಲಿ ವಿಮಾನ ಇಳಿಸಿದರು. 2025ರ ಜುಲೈ 2ರಂದು ನಂದಿಬೆಟ್ಟದ ಮೇಲೆ ಸಂಪುಟ ಸಭೆ ಸೇರಿ ನಮ್ಮ ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡುವ ತೀರ್ಮಾನ ಮಾಡಿದರು. ಬಹಳ ಸಂತೋಷ. ಭೂಮಿ ಕೇಳುವಾಗ ನಾವು ಬೆಂಗಳೂರು, ಹೆಸರಿಡುವಾಗ ಬೆಂಗಳೂರು, ಕೊಂಬೆ ಬಿದ್ದಾಗ ಮಾತ್ರ ಗ್ರಾಮಾಂತರ! ಬೆಂಗಳೂರಿನ ಬೀದಿಗಳಲ್ಲಿ 11 ಕೆವಿ ತಂತಿಯನ್ನು ನೆಲದೊಳಗೆ ಹೂಳುತ್ತಿದ್ದಾರೆ. ನಮ್ಮಲ್ಲಿ ಅದು ಒಣಹಾಕಿದ ಸೀರೆಯಂತೆ ಜೋತುಬಿದ್ದಿದೆ. ಶುಕ್ರವಾರ ರಾತ್ರಿ ತಾರಸಿ ಹತ್ತಿ ನೋಡಿದೆವು. ವಿಮಾನ ನಿಲ್ದಾಣದ ಬೆಳಕು ಮೋಡಕ್ಕೆ ತಾಗಿ ಆಕಾಶವೇ ಕೆಂಪಾಗಿತ್ತು. ಆ ಬೆಳಕಿನಲ್ಲೇ ಅಜ್ಜಿಗೆ ಸೂಜಿ ಚುಚ್ಚಿದೆವು.

ಸಾಹೇಬರೇ, ಆರು ಗಂಟೆ ಎಂದರೆ ಎಲ್ಲರಿಗೂ ಆರು ಗಂಟೆ. ಹೇಗೆ ಮಾಡುತ್ತೀರಿ ಎಂಬುದು ನಿಮಗೆ ಬಿಟ್ಟದ್ದು, ಸಂಬಳ ನಿಮಗೆ ಬರುತ್ತಿದೆ. ಕೃತ್ತಿಕಾ ಮಳೆ ಹುಟ್ಟುವುದು ಮೇ 11ರ ಸುಮಾರಿಗೆ. ಅಷ್ಟರೊಳಗೆ ಕೊಂಬೆ ಕಡಿಯಬೇಕು, ತಂತಿ ಬಿಗಿಯಬೇಕು, ಹಳ್ಳಿಗೆ ಆಳು ಹಾಕಬೇಕು. ಇಲ್ಲವಾದರೆ ಕತ್ತಲು ಎಂಥದ್ದೆಂದು ನಿಮಗೂ ತೋರಿಸುವುದು ನಮಗೆ ಗೊತ್ತಿದೆ.

ಬಂಧುಗಳೇ, ಬರುವ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ನಿಮ್ಮ ನಿಮ್ಮ ತಾಲ್ಲೂಕು ಕಚೇರಿಯ ಮುಂದೆ ಸೇರಿ. ಸೊನ್ನೆ ಬಿಲ್ಲಾದರೂ ಸರಿ, ಈ ತಿಂಗಳ ಬಿಲ್ಲು ತನ್ನಿ. ಅದರ ಬೆನ್ನಿಗೆ ಕರೆಂಟು ಹೋದ ಹೊತ್ತು, ಬಂದ ಹೊತ್ತು ಬರೆದು, ಆರ್‌.ಆರ್‌. ನಂಬರಿನ ಪಕ್ಕ ಸಹಿ ಹಾಕಿ. ಬಸ್ಸು, ಊಟ ಯಾರೂ ಕೊಡುವುದಿಲ್ಲ, ಬುತ್ತಿ ಕಟ್ಟಿಕೊಂಡು ಬನ್ನಿ. ಓದಿದ ಮೇಲೆ ಈ ಹಾಳೆಯನ್ನು ಪಕ್ಕದ ಮನೆಗೆ ಕೊಡಿ.

ಇಂತಿ,
ನೊಂದ ಗ್ರಾಹಕರು