ಬರಿಗೈಲಿ ಬನ್ನಿ ಅಂತ ಹೇಳೋದು ಹೇಗೆ?

ಎರಡು ಬೆಡ್‌ರೂಮಿನ ಫ್ಲಾಟು, ಮೂರು ವರ್ಷದ ಮಗು. ಹಾಲ್‌ನಲ್ಲಿ ಒಂದು ಟೆಂಟು, ಎರಡು ಬ್ಯಾಟರಿ ಕಾರು, ಬಟನ್ ಒತ್ತಿದರೆ ಕೂಗುವ ಕೋಳಿ, ಒಂದು ಡ್ರಮ್ಮು, ಯಾರ್‍ಯಾರದೋ ಬರ್ತ್‌ಡೇಗಳಿಂದ ಬಂದ ರಿಟರ್ನ್ ಗಿಫ್ಟುಗಳ ರಾಶಿ. ಇದನ್ನು ಓದುವಾಗಲೇ ನಿಮ್ಮ ಮನೆಯ ದಿವಾನದ ಕೆಳಗಿನ ಜಾಗ ಕಣ್ಮುಂದೆ ಬಂತಾ? ಹಾಗಾದರೆ ಈ ಸಲದ ಮಾತು ನಿಮಗೇ.

ಆಟಿಕೆ ಜಾಸ್ತಿಯಾಯ್ತು ಅನ್ನೋದು ಗಂಡ-ಹೆಂಡತಿ ಇಬ್ಬರಿಗೂ ಗೊತ್ತು. ಕಷ್ಟ ಇರೋದು ಹೇಳೋದರಲ್ಲಿ. ತರುವವರು ಅಜ್ಜಿ, ತಾತ, ಅತ್ತೆ, ಸೋದರಮಾವ. ಮಕ್ಕಳಿರುವ ಮನೆಗೆ ಬರಿಗೈಲಿ ಹೋಗಬಾರದು ಅನ್ನೋದು ಅವರಿಗೆ ಯಾರೂ ಕೂರಿಸಿ ಕಲಿಸಿದ್ದಲ್ಲ, ನೋಡಿ ನೋಡಿ ಬಂದದ್ದು. ಹಿಂದೆ ಆ ಕೈಯಲ್ಲಿ ಒಂದು ಡಜನ್ ಬಾಳೆಹಣ್ಣು, ಬೇಕರಿಯ ಖಾರದ ಪೊಟ್ಟಣ, ಬಿಸ್ಕತ್ತು ಇರುತ್ತಿತ್ತು. ಎರಡು ದಿನಕ್ಕೆ ತಿಂದು ಮುಗಿಯುತ್ತಿತ್ತು. ಈಗ ಆ ಜಾಗಕ್ಕೆ ಪ್ಲಾಸ್ಟಿಕ್ ಬಂದಿದೆ, ಅದು ಮುಗಿಯೋದಿಲ್ಲ. ಮಗುಗೆ ಸಿಹಿ ಕೊಡಬೇಡಿ, ಬಿಸ್ಕತ್ತು ತರಬೇಡಿ ಅಂತ ಹೇಳಿದವರೂ ನಮ್ಮ ತಲೆಮಾರಿನವರೇ ಅನ್ನೋದನ್ನು ಇಲ್ಲಿ ಸ್ವಲ್ಪ ನೆನಪಿಟ್ಟುಕೊಳ್ಳೋಣ.

ಪರಿಚಯದ ದಂಪತಿಯೊಬ್ಬರು ಮಗಳ ಎರಡನೇ ಹುಟ್ಟುಹಬ್ಬಕ್ಕೆ ಫ್ಯಾಮಿಲಿ ಗ್ರೂಪ್‌ನಲ್ಲಿ ಒಂದು ಮೆಸೇಜ್ ಹಾಕಿದರು: ‘ಮನೆಯಲ್ಲಿ ಜಾಗವಿಲ್ಲ, ದಯವಿಟ್ಟು ಯಾರೂ ಉಡುಗೊರೆ ತರಬೇಡಿ.’ ಕೆಳಗೆ ಕೈಮುಗಿದ ಇಮೋಜಿ. ಎಂಟು ಜನ ಹೆಬ್ಬೆಟ್ಟು ಒತ್ತಿದರು. ಮಗುವಿನ ಸೋದರಮಾವ ಮಾತ್ರ ಏನೂ ಹೇಳಲಿಲ್ಲ, ಹುಟ್ಟುಹಬ್ಬಕ್ಕೂ ಬರಲಿಲ್ಲ. ಕೇಳಿದರೆ ‘ಬಸ್ ಸಿಗಲಿಲ್ಲ ಕಣಮ್ಮ’ ಅಂದರಂತೆ. ಕಿವಿ ಚುಚ್ಚುವ ದಿನ ಮಗು ಕೂತಿದ್ದು ಅವರ ತೊಡೆಯ ಮೇಲೆ. ಅಂಥವರಿಗೆ ಗ್ರೂಪಿನ ಸೂಚನೆ ಕಾಣಿಸಿದ್ದು ‘ನೀನು ಬರೋದು ಬೇಡ’ ಅನ್ನೋ ಹಾಗೆ. ಅಣ್ಣ-ತಂಗಿಯ ನಡುವೆ ಮಾತು ಮೊದಲಿನಂತಾಗಲು ಆರು ತಿಂಗಳು ಹಿಡಿಯಿತು. ಒಂದು ಟೆಡ್ಡಿಬೇರ್ ತಪ್ಪಿಸೋಕೆ ಇದು ದುಬಾರಿಯಾಯ್ತು ಅಂತ ನನ್ನ ಅನಿಸಿಕೆ.

ಗ್ರೂಪ್ ಮೆಸೇಜ್ ಬೇಡ. ಒಬ್ಬೊಬ್ಬರಿಗೇ ಫೋನ್ ಮಾಡಿ, ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ಎರಡು-ಮೂರು ವಾರ ಮುಂಚೆ. ಡಬ್ಬ ಬಿಚ್ಚುವ ಹೊತ್ತಲ್ಲಿ ಮುಖ ಸಪ್ಪಗೆ ಮಾಡಿದರೆ ಏನೂ ಸರಿಹೋಗಲ್ಲ. ಅತ್ತೆ-ಮಾವನಿಗೆ ಮಗನೇ ಹೇಳಲಿ, ತವರಿಗೆ ಮಗಳೇ ಹೇಳಲಿ. ಸೊಸೆ ಹೇಳಿದರೆ ಅದೇ ಮಾತು ಬೇರೆಯಾಗಿ ಕೇಳಿಸುತ್ತೆ, ಇದು ನಿಮಗೂ ಗೊತ್ತು.

‘ಬೇಡ’ದಿಂದ ಶುರು ಮಾಡಬೇಡಿ, ಏನಾದರೂ ಕೇಳಿ. ‘ಅಮ್ಮಾ, ನಿನ್ನ ಹಳೇ ಕಾಟನ್ ಸೀರೆಯಲ್ಲಿ ಪಾಪುಗೆ ಒಂದು ಕೌದಿ ಹೊಲಿದು ಕೊಡ್ತೀಯಾ?’ ಅಂದರೆ ಉತ್ತರ ಕರ್ನಾಟಕದ ಯಾವ ಅಜ್ಜಿಯೂ ಇಲ್ಲ ಅನ್ನೋದು ಕಷ್ಟ. ‘ಮಾವ, ಮುಂದಿನ ವರ್ಷ ಇವನಿಗೆ ಸೈಕಲ್ ಬೇಕು, ಅದು ನಿಮ್ಮದೇ ಆಗಲಿ. ಅಲ್ಲಿವರೆಗೆ ಬಂದಾಗೆಲ್ಲ ಪಾರ್ಕಿಗೆ ಕರ್ಕೊಂಡು ಹೋಗಿ ಸಾಕು.’ ತಾತನಿಗೆ ಲೆಕ್ಕಪತ್ರ ಇಷ್ಟವಾ? ಹೆಣ್ಣುಮಗುವಾದರೆ ಹತ್ತು ವರ್ಷ ತುಂಬುವ ಮೊದಲು ನೀವು ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆಯಬಹುದು. ಈ ಯೋಜನೆ 2015ರಲ್ಲಿ ಶುರುವಾದದ್ದು, ವರ್ಷಕ್ಕೆ ಕನಿಷ್ಠ 250 ರೂಪಾಯಿ ಕಟ್ಟಿದರೂ ಖಾತೆ ನಡೆಯುತ್ತೆ. ಹುಟ್ಟುಹಬ್ಬದ ದುಡ್ಡನ್ನು ಅದಕ್ಕೆ ಹಾಕಿ ಪಾಸ್‌ಬುಕ್ ತಂದು ತೋರಿಸಿ, ತಾತ ಕನ್ನಡಕ ಹಾಕಿಕೊಂಡು ಎರಡು ಸಲ ನೋಡುತ್ತಾರೆ. ಪ್ರಾಣಿ ಅಂದ್ರೆ ಪ್ರಾಣ ಬಿಡುವ ಮಗುವಾದರೆ ಮೈಸೂರು ಮೃಗಾಲಯದ ದತ್ತು ಯೋಜನೆ ಇದೆ. ಒಂದು ಹಕ್ಕಿಯ ಖರ್ಚನ್ನು ಚಿಕ್ಕಪ್ಪ ವಹಿಸಿಕೊಂಡರೆ, ಹೋಗಿ ‘ನಮ್ಮ ಹಕ್ಕಿ’ ನೋಡಿ ಬರಬಹುದು. ಮನೆಯಲ್ಲಿ ಒಂದಿಂಚೂ ಜಾಗ ಬೇಡ.

ಆಟಿಕೆಯನ್ನೇ ಕೊಡಬೇಕು ಅನ್ನುವವರೂ ಇರುತ್ತಾರೆ. ಇರಲಿ ಬಿಡಿ. ಚನ್ನಪಟ್ಟಣದ್ದು ತನ್ನಿ ಅನ್ನಿ, ಆಲೆಮರದ ಮೇಲೆ ಅರಗಿನ ಬಣ್ಣ, ಒಂದು ತಂದರೂ ತಮ್ಮ-ತಂಗಿಯವರೆಗೆ ಬಾಳಿಕೆ ಬರುತ್ತೆ.

ಇನ್ನು ಬಂದದ್ದನ್ನು ಏನು ಮಾಡೋದು? ಹಳೇ ಮೈಸೂರಿನ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ದಸರಾ ಬೊಂಬೆಗಳು ವರ್ಷವಿಡೀ ಹಳೇ ಪಂಚೆಯಲ್ಲಿ ಸುತ್ತಿಕೊಂಡು ಅಟ್ಟದ ಟ್ರಂಕಿನಲ್ಲಿ ಇರುತ್ತವೆ, ನವರಾತ್ರಿಗೆ ಇಳಿಯುತ್ತವೆ. ಪಟ್ಟದ ಬೊಂಬೆಗಳು ಅಮ್ಮನ ಕಾಲದವೇ ಆದರೂ ಪ್ರತಿ ವರ್ಷ ಮಕ್ಕಳು ಹೊಸದಾಗಿ ನೋಡುತ್ತಾರೆ. ಆಟಿಕೆಗೂ ಅದನ್ನೇ ಮಾಡಿ. ಎಂಟೋ ಹತ್ತೋ ಹೊರಗೆ, ಉಳಿದವು ಡಬ್ಬದಲ್ಲಿ, ತಿಂಗಳಿಗೊಮ್ಮೆ ಅದಲು-ಬದಲು. ‘ನಾನು ಕೊಟ್ಟ ಆನೆ ಎಲ್ಲಿ?’ ಅಂತ ಅತ್ತೆ ಕೇಳಿದರೆ ‘ಬೊಂಬೆ ಟ್ರಂಕಿನಲ್ಲಿದೆ ಅತ್ತೆ, ಮುಂದಿನ ತಿಂಗಳು ಇಳಿಯುತ್ತೆ’ ಅನ್ನಬಹುದು, ಅದು ಅವರ ಭಾಷೆಯೇ. ಅವರು ಬರುವ ದಿನ ಆ ಆನೆ ಹೊರಗಿದ್ದರೆ ಇನ್ನೂ ಒಳ್ಳೆಯದು. ಇದನ್ನು ನಾಟಕ ಅನ್ನೋರು ಅನ್ನಲಿ.

ಅಂಗನವಾಡಿಗೋ ಕೆಲಸದವರ ಮಕ್ಕಳಿಗೋ ಕೊಡುವುದಿದ್ದರೆ ಮುರಿದದ್ದನ್ನು ಕೊಡಬೇಡಿ. ಚಾಲಾಕಿ ಮಗುವಾದರೆ ಅದನ್ನೂ ಕೇಳಿಯೇ ಕೊಡಿ. ಇಲ್ಲದಿದ್ದರೆ ಅಜ್ಜಿ ಬಂದ ಕೂಡಲೇ ‘ನಿನ್ನ ಕಾರು ಅಮ್ಮ ಕೊಟ್ಟುಬಿಟ್ಲು’ ಅಂತ ವರದಿ ಹೋಗುತ್ತೆ.

ಒಂದು ವಿಷಯದಲ್ಲಿ ಮಾತ್ರ ನಾಜೂಕು ಬೇಡ. ಜಾಗ, ಬಣ್ಣ, ಸದ್ದು ಇವೆಲ್ಲ ನಮ್ಮ ರುಚಿಯ ಮಾತು, ಹೊಂದಿಕೊಳ್ಳಬಹುದು. ಬಟನ್ ಬ್ಯಾಟರಿ ಹಾಗಲ್ಲ. ಮಗು ನುಂಗಿ ಅದು ಗಂಟಲಲ್ಲೋ ಅನ್ನನಾಳದಲ್ಲೋ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗೆ ಸುಡಲು ಶುರುವಾಗಬಹುದು. ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಲೈಟಿನ ಆಟಿಕೆ ಯಾರೇ ತಂದಿರಲಿ, ಎಷ್ಟೇ ಪ್ರೀತಿಯಿಂದ ತಂದಿರಲಿ, ಅವರೆದುರೇ ಕಾರಣ ಹೇಳಿ ಎತ್ತಿಡಿ. ಕಾರ್ಖಾನೆಯ ಆಟಿಕೆಗಳಿಗೆ ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಜಾತ್ರೆಯ ಸಾಲಿನಲ್ಲಿ, ಸಿಗ್ನಲ್‌ನಲ್ಲಿ ಕೊಂಡದ್ದರ ಮೇಲೆ ಅದು ಸಿಗೋದು ಅಪರೂಪ. ‘ಆ ಗುರುತು ನೋಡಿ ತನ್ನಿ’ ಅಂದರೆ ಯಾರಿಗೂ ಅವಮಾನವಾಗಲ್ಲ.

ಅಂದಹಾಗೆ ನೀವೂ ಯಾರದೋ ಮಗುವಿಗೆ ಅತ್ತೆಯೋ ಚಿಕ್ಕಪ್ಪನೋ ಆಗಿರುತ್ತೀರಿ. ಮುಂದಿನ ಸಲ ಆಫೀಸಿನಿಂದ ಬರುವ ದಾರಿಯಲ್ಲಿ ಗಡಿಬಿಡಿಯಲ್ಲಿ ಏನೋ ಒಂದು ಡಬ್ಬ ಪ್ಯಾಕ್ ಮಾಡಿಸುವ ಮೊದಲು ಒಂದು ಫೋನ್ ಮಾಡಿ, ‘ಪಾಪುಗೆ ಏನು ತರಲಿ?’ ಅಂತ. ನಾನು ಕೇಳಿದಾಗ ಹೆಚ್ಚಿನ ತಾಯಂದಿರು ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಹೇಳಿದ್ದು ಡೈಪರ್ ಸೈಜು.