ಎಲ್ಲಿ ಅಲ್ಲ, ಯಾವಾಗ ಹೇಳಿ

ಎರಡು ತಿಂಗಳ ಹಿಂದೆ ಬೈಕಿನಲ್ಲಿ ಕಲಬುರಗಿಗೆ ಹೊರಟಿದ್ದೆ. ಜಹೀರಾಬಾದ್ ಹತ್ತಿರವಾಗುವ ಹೊತ್ತಿಗೆ ಬಲಗೈಗೆ ಪೂರ್ತಿ ಜೋಮು ಹಿಡಿದಿತ್ತು. ಮುಂದಿನ ಬಸ್ಸು ತಟ್ಟನೆ ನಿಂತಿತು. ಬ್ರೇಕ್ ಹಿಡಿದೆ. ಎಷ್ಟು ಹಿಡಿದೆ ಎಂಬುದು ಮಾತ್ರ ಬೆರಳಿಗೆ ತಿಳಿಯಲಿಲ್ಲ. ಮುಂದಿನ ಚಕ್ರ ಜಾರಿತು, ಕಾಲು ಕೊಟ್ಟು ಹೇಗೋ ನಿಂತೆ. ಬಸ್ಸಿಗೂ ನನಗೂ ನಡುವೆ ಒಂದು ಮೊಳ ಉಳಿದಿತ್ತು.

ಅಲ್ಲಿಯತನಕ ಹ್ಯಾಂಡಲ್ ನಡುಕವನ್ನು ನಾನು ಹಳೆ ಗಾಡಿಯ ಮುಪ್ಪು ಎಂದುಕೊಂಡಿದ್ದೆ. ಗಾಡಿ 150 ಸಿಸಿ, ಒಂದೇ ಸಿಲಿಂಡರು, ಒಂಬತ್ತು ವರ್ಷದ್ದು. ದಪ್ಪ ಗ್ರಿಪ್ ಹಾಕಿಸಿದೆ, ಜೆಲ್ ಇರುವ ಕೈಗವಸು ಕೊಂಡೆ, ಆಯಿಲ್ ಬದಲಿಸಿದೆ. ದಪ್ಪ ಗ್ರಿಪ್ಪಿನಿಂದ ಜೋಮು ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಹಿಡಿ ದಪ್ಪವಾದಷ್ಟೂ ಬಿಗಿಯಾಗಿ ಹಿಡಿಯಬೇಕು, ಬಿಗಿಯಾಗಿ ಹಿಡಿದಷ್ಟೂ ನಡುಕ ಕೈಗೆ ಇನ್ನೂ ಚೆನ್ನಾಗಿ ಇಳಿಯುತ್ತದೆ ಎಂದು ಆಗ ಗೊತ್ತಿರಲಿಲ್ಲ. ಮನೆ ಹತ್ತಿರದ ಗ್ಯಾರೇಜಿನವನು ಎಂಜಿನ್ ಬಿಚ್ಚಬೇಕು ಎಂದ. ಅವನು ಹೇಳಿದ ಮೊತ್ತ ಕೇಳಿ ಗಾಡಿ ತಿರುಗಿಸಿಕೊಂಡು ಬಂದೆ.

ಕೋಠಿ ಎಂದರೆ ನಮ್ಮಲ್ಲಿ ಬಹಳ ಜನರಿಗೆ ಗುಜರಾತಿ ಗಲ್ಲಿಯ ಮೊಬೈಲ್ ಸಾಮಾನು, ಸುಲ್ತಾನ್ ಬಜಾರಿನ ಸೀರೆ, ಮಕ್ಕಳ ಸೆಕೆಂಡ್ ಹ್ಯಾಂಡ್ ಪುಸ್ತಕ. ಕಾಚಿಗುಡದ ನಮ್ಮವರಿಗಂತೂ ನಡೆದು ಹೋಗುವ ದೂರ. ಅಲ್ಲಿಂದ ಪುತ್ಲಿಬೌಲಿ ಕಡೆ ತಿರುಗಿದರೆ ಬೈಕ್ ಸಾಮಾನಿನ ಅಂಗಡಿಗಳ ಸಾಲು. ಅಂಥ ಒಂದು ಅಂಗಡಿಯ ಪಕ್ಕದಲ್ಲಿ ಒಬ್ಬ ಚಾಚಾ ಕೂರುತ್ತಾರೆ. ನಾನು ಕೈ ಚಾಚಿ ಇಲ್ಲಿ ಜೋಮು, ಇಲ್ಲಿ ನೋವು, ಮೊಣಕೈತನಕ ಬರುತ್ತೆ ಎಂದು ವರದಿ ಒಪ್ಪಿಸುತ್ತಿದ್ದೆ. ಅವರು ಅರ್ಧಕ್ಕೇ ತಡೆದರು.

‘ಕಹಾಂ ನಕ್ಕೋ ಭಾಯ್, ಕಬ್ ಬೋಲೋ.’

ಎಲ್ಲಿ ಬೇಡ, ಯಾವಾಗ ಹೇಳು. ನಾನು ‘ಅರವತ್ತರಲ್ಲಿ’ ಎಂದೆ. ಯಾವ ಗೇರಿನಲ್ಲಿ? ಕ್ಲಚ್ ಹಿಡಿದರೆ ನಿಲ್ಲುತ್ತದೋ ಇಲ್ಲವೋ? ನಿಂತಲ್ಲೇ ಆಕ್ಸಿಲರೇಟರ್ ಕೊಟ್ಟರೆ ಬರುತ್ತದೋ? ಒಂದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಒಂಬತ್ತು ವರ್ಷ ಓಡಿಸಿದವನಿಗೆ ಇದು ನಾಚಿಕೆಯ ವಿಷಯವೇ. ಸಾಮಾನು ಮುಟ್ಟದೆ, ನೋಡಿಕೊಂಡು ಬಾ ಎಂದು ಕಳಿಸಿಬಿಟ್ಟರು.

ಕೋಠಿಯ ರಸ್ತೆಗಳಲ್ಲಿ 60 ಮುಟ್ಟುವುದು ಕನಸಿನ ಮಾತು, ಔಟರ್ ರಿಂಗ್ ರೋಡಿಗೆ ಬೈಕನ್ನು ಬಿಡುವುದಿಲ್ಲ. ಭಾನುವಾರ ಬೆಳಗಿನ ಜಾವ ಪಟಾನ್‌ಚೆರು ದಾಟಿ ಅದೇ ಮುಂಬೈ ಹೆದ್ದಾರಿಗೆ ಹೋದೆ. ಮೊದಲು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ನಿಧಾನವಾಗಿ ರೇಸ್ ಕೊಟ್ಟೆ. ಟ್ಯಾಕೋಮೀಟರ್ ಮುಳ್ಳು 4,800ರ ಹತ್ತಿರ ಬಂದಾಗ ಹ್ಯಾಂಡಲ್ ತುದಿಗಳು ಗುಯ್‌ಗುಟ್ಟಿದವು, ಕನ್ನಡಿಯಲ್ಲಿದ್ದ ಮರ ಮಸುಕಾಯಿತು. 5,500 ದಾಟಿದಾಗ ಕಡಿಮೆಯಾಯಿತು. ಆಮೇಲೆ ರಸ್ತೆಗಿಳಿದು ಐದನೇ ಗೇರಿನಲ್ಲಿ 60 ಮುಟ್ಟಿ ಕ್ಲಚ್ ಹಿಡಿದು ಆಕ್ಸಿಲರೇಟರ್ ಬಿಟ್ಟೆ. ಗುಯ್‌ ಎನ್ನುವ ಸಣ್ಣ ನಡುಕ ಥಟ್ಟನೆ ನಿಂತಿತು. ಅದರಡಿ ಇನ್ನೊಂದು ಅಲುಗಾಟ ಉಳಿದೇ ಇತ್ತು, ದಪ್ಪನೆಯದು, ದಡದಡ ಎನ್ನುವಂಥದ್ದು. ಹ್ಯಾಂಡಲ್‌ನಲ್ಲಿ ಇದ್ದದ್ದು ಒಂದು ರೋಗವಲ್ಲ, ಎರಡು. ಕೊನೆಯ ಗೇರಿನಲ್ಲಿ ಎರಡೂ 60ರಲ್ಲೇ ಜೊತೆಗೂಡುತ್ತಿದ್ದವು, ನಾನು ಒಂದೇ ಎಂದುಕೊಂಡಿದ್ದೆ.

ಲೆಕ್ಕ ಹಾಕಿದರೆ ಇವೆರಡೂ ಎಷ್ಟು ಬೇರೆ ಎಂಬುದು ಗೊತ್ತಾಗುತ್ತದೆ. ನಿಮಿಷಕ್ಕೆ 4,800 ಸುತ್ತು ಎಂದರೆ ಪಿಸ್ಟನ್ ಸೆಕೆಂಡಿಗೆ 80 ಸಲ ಮೇಲೆ ಹೋಗಿ ಕೆಳಗೆ ಬರುತ್ತದೆ. ಚಕ್ರದ ಸುತ್ತಳತೆ ಹೆಚ್ಚುಕಡಿಮೆ 2 ಮೀಟರ್, 60 ಕಿಲೋಮೀಟರ್ ವೇಗದಲ್ಲಿ ಅದು ಸೆಕೆಂಡಿಗೆ 8-9 ಸುತ್ತು ತಿರುಗುತ್ತದೆ. 80 ಸಲದ್ದು ಕೈಗೆ ಜುಮುಜುಮು ಎನಿಸುತ್ತದೆ, 8 ಸಲದ್ದನ್ನು ಬೇಕಾದರೆ ಎಣಿಸಬಹುದು. ಎಂಜಿನ್ ವೇಗಕ್ಕೆ ಅಂಟಿಕೊಂಡ ನಡುಕ ಎಂಜಿನ್ ಕಡೆಯದು, ಗೇರ್ ಯಾವುದಾದರೂ ಗಾಡಿಯ ವೇಗಕ್ಕೆ ಅಂಟಿಕೊಂಡದ್ದು ಚಕ್ರದ ಕಡೆಯದು.

ವರದಿ ಕೇಳಿದ ಚಾಚಾ ಮುಂದಿನ ಚಕ್ರವನ್ನು ನೆಲದಿಂದ ಎತ್ತಿಸಿದರು. ಫೋರ್ಕಿನ ಎರಡು ಕಾಲು ಹಿಡಿದು ಹಿಂದೆ ಮುಂದೆ ಅಲುಗಿಸಿದಾಗ ಟಕ್ ಟಕ್ ಎಂದಿತು. ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿದರು. ನಟ್ಟನಡುವೆ ಬಂದಾಗ ಸಣ್ಣ ಗುಂಡಿಗೆ ಬಿದ್ದಂತೆ ತಡೆಯಿತು. ಕೋನ್‌ಸೆಟ್ ಸವೆದಿತ್ತು, ಗುಂಡುಗಳು ಕೂತಲ್ಲೇ ಕೂತು ಕಪ್ಪಿನಲ್ಲಿ ಕುಳಿ ಮಾಡಿದ್ದವು. ಮುಂದಿನ ಟಯರೂ ಒಂದೊಂದು ಕಡೆ ಒಂದೊಂದು ಥರ ತಿಂದಿತ್ತು. ಎರಡನ್ನೂ ಬದಲಿಸಿದ್ದಾಯಿತು. ದಡದಡ ಅಲ್ಲಿಗೆ ಮುಗಿಯಿತು.

ಜುಮುಜುಮಿನ ಕಥೆ ಬೇರೆ, ಅದರ ತಪ್ಪು ನನ್ನದೇ. ಒಂಟಿ ಸಿಲಿಂಡರಿನಲ್ಲಿ ಪಿಸ್ಟನ್ ಪ್ರತಿ ಸಲ ಮೇಲೆ ನಿಂತು ಕೆಳಗೆ ನಿಂತು ದಿಕ್ಕು ಬದಲಿಸಬೇಕು. ಕ್ರ್ಯಾಂಕಿನ ಎದುರುಭಾರ ಆ ಏಟನ್ನು ಸ್ವಲ್ಪ ಮಾತ್ರ ನುಂಗುತ್ತದೆ. ಪೂರ್ತಿ ನುಂಗಿಸಲು ಹೋದರೆ ಮೇಲೆಕೆಳಗಿನ ನಡುಕ ಹಿಂದೆಮುಂದಿನ ನಡುಕವಾಗುತ್ತದೆ, ಅಷ್ಟೇ. ರಾಯಲ್ ಎನ್‌ಫೀಲ್ಡ್‌ನವರು ಹೊಸ 350 ಎಂಜಿನ್‌ನಲ್ಲಿ ಬ್ಯಾಲೆನ್ಸರ್ ಶಾಫ್ಟ್ ಕೂರಿಸಿದ್ದು ಇದಕ್ಕೇ. 1967ರಲ್ಲಿ ನಾರ್ಟನ್ ಕಮಾಂಡೊ ಮಾಡಿದವರು ಎಂಜಿನ್ ನಡುಗಿದರೆ ನಡುಗಲಿ ಎಂದು ಅದನ್ನು ರಬ್ಬರಿನ ಮೇಲೆ ಕೂರಿಸಿ ಸವಾರನಿಗೆ ತಾಗದಂತೆ ಮಾಡಿದರು. ನನ್ನಂಥ ಸಾದಾ ಗಾಡಿಗಳಲ್ಲಿ ಹ್ಯಾಂಡಲ್ ತುದಿಯಲ್ಲಿ ಎರಡು ಕಬ್ಬಿಣದ ಗುಂಡು ಇಟ್ಟಿರುತ್ತಾರೆ. ಅವು ಅಲಂಕಾರಕ್ಕಲ್ಲ. ಹಿಟ್ಟಿನ ಗಿರಣಿ ಪಕ್ಕದ ಮನೆಯಲ್ಲಿ ಮಾಡದ ಮೇಲಿನ ಹತ್ತು ತಾಟುಗಳಲ್ಲಿ ಒಂದೇ ಒಂದು ಗುಯ್‌ಗುಟ್ಟುತ್ತದಲ್ಲ, ಹ್ಯಾಂಡಲೂ ಹಾಗೆಯೇ. ಅದಕ್ಕೊಂದು ತನ್ನದೇ ನಡುಕದ ವೇಗವಿದೆ, ಎಂಜಿನ್ ಆ ವೇಗಕ್ಕೆ ಬಂದಾಗ ಕುಣಿಯುತ್ತದೆ. ತುದಿಗೆ ಭಾರ ಹಾಕಿದರೆ ಆ ವೇಗ ಕೆಳಗಿಳಿದು, ನಾವು ಹೆಚ್ಚಾಗಿ ಓಡಿಸುವ ವೇಗದಿಂದ ದೂರ ಸರಿಯುತ್ತದೆ.

ಕಳೆದ ವರ್ಷ ನಾನು ಸಪೂರದ ಹ್ಯಾಂಡಲ್ ಹಾಕಿಸಿ ಆ ಗುಂಡುಗಳನ್ನು ಗುಜರಿಗೆ ಕೊಟ್ಟಿದ್ದೆ. ಚಾಚಾ ಹೊಸ ಗುಂಡು ಹಾಕುವ ಮೊದಲು ಎಂಜಿನ್ ಹಿಡಿದಿರುವ ಬೋಲ್ಟುಗಳನ್ನು ನೋಡಿದರು. ಹಿಂಭಾಗದ ಒಂದು ಕೈಯಲ್ಲೇ ತಿರುಗಿತು. ಎಲ್ಲವನ್ನೂ ಸಡಿಲಿಸಿ, ಎಂಜಿನ್ ತನ್ನಷ್ಟಕ್ಕೆ ಕೂತ ಮೇಲೆ ಒಂದೊಂದಾಗಿ ಬಿಗಿ ಮಾಡಿದರು. ಒಂದನ್ನೇ ಎಳೆದು ಬಿಗಿದರೆ ಚಾಸಿಗೆ ಎಂಜಿನ್ ಸೆಟೆದು ಕೂರುತ್ತದಂತೆ.

ಜೋಮನ್ನು ಸಣ್ಣದೆಂದು ಬಿಡಬೇಡಿ ಎಂದು ನರದ ಡಾಕ್ಟರು ಹೇಳಿದ್ದಾರೆ. ನನಗೆ ರಾತ್ರಿಯೂ ಬೆರಳು ಮರಗಟ್ಟಿ ಎಚ್ಚರವಾಗುತ್ತಿತ್ತು. ಇದು ಹೊಸ ರೋಗವಲ್ಲ. 1918ರಲ್ಲೇ ಅಮೆರಿಕದ ಇಂಡಿಯಾನಾದಲ್ಲಿ ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆ ಗಾಳಿ ಸುತ್ತಿಗೆ ಹಿಡಿದ ಸುಣ್ಣಕಲ್ಲಿನ ಕುಟಿಗರ ಬೆರಳು ಬಿಳುಚಿ ಮರಗಟ್ಟುವುದನ್ನು ದಾಖಲಿಸಿದ್ದರು. ಓದಿದಾಗ ನಮ್ಮ ಶಹಾಬಾದಿನ ಕಲ್ಲುಗಣಿಯವರು ನೆನಪಾದರು. ಯುರೋಪಿನಲ್ಲಿ 2002ರಿಂದ ಕೆಲಸಗಾರನ ಕೈಗೆ ಎಂಟು ಗಂಟೆಯಲ್ಲಿ ಎಷ್ಟು ಕಂಪನ ತಾಗಬಹುದು ಎಂಬುದಕ್ಕೆ ಅಳತೆಯ ಮಿತಿ ಇದೆ. ಪುತ್ಲಿಬೌಲಿಯಲ್ಲಿ ನನ್ನ ಪಕ್ಕ ಗಾಡಿ ನಿಲ್ಲಿಸಿದ್ದ ಚಿಟಗುಪ್ಪಾದ ಹುಡುಗ ದಿನಕ್ಕೆ ಹತ್ತು ಗಂಟೆ ಊಟ ಹಂಚುತ್ತಾನೆ. ಹ್ಯಾಂಡಲ್‌ಗೆ ಸಿಗಿಸಿದ ಫೋನಿನ ಕ್ಯಾಮೆರಾ ಹಾಳಾಗಿದೆ ಎಂಬುದೇ ಅವನ ದೂರು. ಬೈಕಿನ ಕಂಪನದಿಂದ ಕ್ಯಾಮೆರಾ ಕೆಡಬಹುದು ಎಂದು ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿತ್ತು. ‘ಕೈ ಹೆಂಗದಪಾ?’ ಎಂದು ಕೇಳಿದೆ. ‘ಕೈದೇನ್ರೀ ಅಣ್ಣಾ, ಝಾಡಿಸಿದ್ರ ಸರಿ ಆಗ್ತದ’ ಎಂದ. ಚಾಚಾನ ಪ್ರಶ್ನೆಗಳನ್ನು ಅವನಿಗೆ ಕನ್ನಡದಲ್ಲಿ ಹೇಳಿ ಬಂದೆ.

ನನ್ನ ಗಾಡಿಯ ಜುಮುಜುಮು ಪೂರ್ತಿ ಹೋಗಿಲ್ಲ. ಒಂಟಿ ಸಿಲಿಂಡರಿನಲ್ಲಿ ಹೋಗುವುದೂ ಇಲ್ಲ. ಕಳೆದ ತಿಂಗಳು ಕಲಬುರಗಿ ಮುಟ್ಟಿದಾಗ ಬೆರಳುಗಳು ಅಂಗಿ ಗುಂಡಿ ಬಿಚ್ಚುವಷ್ಟು ಚುರುಕಾಗಿದ್ದವು. 500 ಕಿಲೋಮೀಟರ್ ಆದ ಮೇಲೆ ಬೋಲ್ಟ್ ತೋರಿಸು ಎಂದಿದ್ದರು ಚಾಚಾ. ಮೊನ್ನೆ ಹೋದೆ. ಆ ಹಿಂಭಾಗದ್ದು ಮತ್ತೆ ಕಾಲು ಸುತ್ತು ತಿರುಗಿತು.