ಮರವನ್ನು ಮುಟ್ಟದ ಚಿತ್ರಕಲೆ

ಜೂನ್ 5 ಬಂತೆಂದರೆ ಭಟ್ಕಳದಿಂದ ಕುಮಟಾದವರೆಗಿನ ಶಾಲೆಗಳಲ್ಲಿ ‘ಪರಿಸರ ಉಳಿಸಿ’ ಚಿತ್ರಸ್ಪರ್ಧೆ. ಮಕ್ಕಳೆಲ್ಲರೂ ಬರೆಯುವುದು ಒಂದೇ ಮರವನ್ನು: ಕಂದು ಕಾಂಡ, ಹಸಿರು ಮೋಡದಂಥ ತಲೆ, ಪಕ್ಕದಲ್ಲೊಂದು ಕೊಡಲಿ. ಅದು ಮತ್ತಿಯಲ್ಲ, ಕಿಂದಳವಲ್ಲ, ಮುರುಗಲಂತೂ ಅಲ್ಲ. ಬಣ್ಣದ ಪೆಟ್ಟಿಗೆಯ ಮುಚ್ಚಳದಿಂದ ಇಳಿದು ಬಂದ ಮರ. ಶಾಲೆಯ ಹಿಂದೆಯೇ ಕಾಡು ನಿಂತಿರುವಾಗ ಇದನ್ನು ಪರಿಸರ ಶಿಕ್ಷಣವೆಂದು ಕರೆಯುವುದು ಆತ್ಮವಂಚನೆ.

ಬೇಕಾಗಿರುವುದು ತೆಳುವಾದ ಕಾಗದ ಮತ್ತು ಬಚ್ಚಲೊಲೆಯ ಇದ್ದಿಲು. ಕಾಗದವನ್ನು ಕಾಂಡಕ್ಕೆ ಬಾಳೆನಾರಿನಿಂದ ಬಿಗಿದು, ಇದ್ದಿಲನ್ನು ಅಡ್ಡಲಾಗಿ ಹಿಡಿದು ಹಗುರವಾಗಿ ಉಜ್ಜಿದರೆ ತೊಗಟೆಯ ಉಬ್ಬುಗಳು ಕಪ್ಪಾಗಿ, ಬಿರುಕುಗಳು ಬಿಳಿಯಾಗಿ ಮೂಡುತ್ತವೆ. ತುದಿಯಿಂದ ಗೀಚಿದರೆ ಕಾಗದ ಹರಿಯುತ್ತದೆ. ಕೆಂಪು ಬೇಕಾದರೆ ಜಂಬಿಟ್ಟಿಗೆಯ ಮೆದು ತುಂಡಿದೆ. ನಮ್ಮ ಕರಾವಳಿಯ ದೇವಾಲಯಗಳ ಕಾವಿ ಚಿತ್ರಗಳಿಗೆ ಬಣ್ಣವಿತ್ತದ್ದೂ ಕೆಮ್ಮಣ್ಣೇ. ಎಲೆಯಾದರೆ ಉದುರಿದ್ದನ್ನೇ ಆರಿಸಿ ಬೆನ್ನು ಮೇಲಾಗಿ ಇಡಬೇಕು, ನರಗಳು ಉಬ್ಬಿರುವುದು ಅಲ್ಲಿ. ಮಳೆಗಾಲದ ತೊಗಟೆ ಪಾಚಿಗಟ್ಟಿ ಕಾಗದವನ್ನು ನೆನೆಸುವುದರಿಂದ ದೀಪಾವಳಿಯಿಂದ ಯುಗಾದಿಯವರೆಗಿನ ಕಾಲ ಪ್ರಶಸ್ತ. ಜೂನ್ 5 ಈ ಕೆಲಸಕ್ಕೆ ತಕ್ಕ ದಿನವೇ ಅಲ್ಲ!

ಇದು ಮಕ್ಕಳಾಟವೆನ್ನುವವರು ಶಾಸನತಜ್ಞರನ್ನು ನೆನೆಯಲಿ. ಒದ್ದೆ ಕಾಗದವನ್ನು ಕಲ್ಲಿಗೆ ಕುಂಚದಿಂದ ಬಡಿದು ಕೂರಿಸಿ, ಮಸಿ ತಟ್ಟಿ ಅವರು ಅಚ್ಚು ತೆಗೆಯುತ್ತಾರೆ. ನಾಡಿನ ಅರಸುಮನೆತನಗಳ ಇತಿಹಾಸ ನಮ್ಮ ಕೈಸೇರಿದ್ದರಲ್ಲಿ ಇಂಥ ಅಚ್ಚುಗಳ ಪಾಲು ದೊಡ್ಡದು. (ಹಾಡುವಳ್ಳಿ, ಗೇರುಸೊಪ್ಪೆಗಳ ಬಸದಿಯ ಕಲ್ಲಿಗೆ ಮಕ್ಕಳು ಇದ್ದಿಲು ತಾಗಿಸುವುದು ಬೇಡ. ಅದು ಅನುಮತಿ ಪಡೆದ ತಜ್ಞರ ಕೆಲಸ.) ಯುರೋಪಿನ ಕಲಾವಿದ ಮ್ಯಾಕ್ಸ್ ಅರ್ನ್ಸ್ಟ್ 1925ರಲ್ಲಿ ಸವೆದ ಹಲಗೆಯ ನೆಲದ ಮೇಲೆ ಕಾಗದವಿಟ್ಟು ಉಜ್ಜತೊಡಗಿ, 1926ರಲ್ಲಿ ಅಂತಹ ಚಿತ್ರಗಳ ಸಂಪುಟಕ್ಕೆ ‘ನಿಸರ್ಗ ಚರಿತ್ರೆ’ ಎಂದೇ ಹೆಸರಿಟ್ಟ.

ಕೃಷಿ ವಿಜ್ಞಾನದ ವಿದ್ಯಾರ್ಥಿಯಾಗಿ ನನಗೆ ಮುಖ್ಯವಾದುದು ಕಾಗದ ಬಯಲು ಮಾಡುವ ಸತ್ಯ. ಮತ್ತಿಯ ತೊಗಟೆ ಮೊಸಳೆಯ ಬೆನ್ನಿನಂತೆ ಚೌಕ ಚೌಕವಾಗಿ ಮೂಡುತ್ತದೆ. ನಂದಿಯ ಕಾಂಡ ಬಹುತೇಕ ನುಣುಪು. ಮತ್ತಿಯ ಎಲೆಯ ಬೆನ್ನಿನಲ್ಲಿ ನಡುನರದ ಬುಡದ ಬಳಿ ಇರುವ ಪುಟ್ಟ ಗ್ರಂಥಿಗಳೂ ಅಚ್ಚಿನಲ್ಲಿ ಸಿಗುತ್ತವೆ. ಇನ್ನು ನಮ್ಮ ಗುಡ್ಡಗಳನ್ನು ತುಂಬಿಸಿದ ಅಕೇಶಿಯಾದ ‘ಎಲೆ’ಯನ್ನು ಉಜ್ಜಿ ನೋಡಿ: ನರಗಳು ನಡುವಿನಿಂದ ಕವಲೊಡೆಯದೆ ಉದ್ದುದ್ದವಾಗಿ ಹರಿಯುತ್ತವೆ. ಅದು ಎಲೆಯೇ ಅಲ್ಲ, ಎಲೆಯ ಕೆಲಸ ವಹಿಸಿಕೊಂಡ ಚಪ್ಪಟೆ ತೊಟ್ಟು. ಹಸಿರು ಕಂಡಲ್ಲೆಲ್ಲ ಕಾಡೆಂದು ಲೆಕ್ಕ ಬರೆಯುವವರಿಗೆ ಈ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟು ತೋರಿಸಬೇಕು.

ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ರೂಪಿಸಿದ 2000 ಮೆಗಾವ್ಯಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಕಡತಗಳಲ್ಲಿ ಕಣಿವೆಯ ಮರಗಳು ಬರಿಯ ಸಂಖ್ಯೆಗಳು. ಅಹವಾಲು ಸಭೆಗೆ ಹೋಗುವ ಹಳ್ಳಿಗರ ಕೈಯಲ್ಲಿ ಮನವಿಪತ್ರವನ್ನುಳಿದು ಬೇರೇನೂ ಇರುವುದಿಲ್ಲ. ಇದ್ದಿಲ ಚಿತ್ರ ಯಂತ್ರವನ್ನು ತಡೆಯದು, ನಿಜ. ಆದರೆ ಊರಿನವರು ಕರೆಯುವ ಹೆಸರು, ಸ್ಥಳ, ದಿನಾಂಕ, ಎದೆಯೆತ್ತರದ ಸುತ್ತಳತೆ ಬರೆದ ಕಾಗದಕ್ಕೆ ಒಂದು ನೆಲೆ ಇದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸ್ಥಳೀಯರೊಡನೆ ಸಮಾಲೋಚಿಸಿಯೇ ಸಿದ್ಧಪಡಿಸಬೇಕು. ಹೊರಗಿನವರು ಬಂದು ತುಂಬಿಸಿ ಬೀರುವಿನಲ್ಲಿಟ್ಟು ಹೋಗುವ ಪುಸ್ತಕವಲ್ಲ ಅದು.

ಈ ದೀಪಾವಳಿಯ ನಂತರ ಪ್ರತಿಯೊಂದು ಶಾಲೆಯೂ ತನ್ನ ಸುತ್ತಲಿನ ಹತ್ತು ಮರಗಳ ಅಚ್ಚು ತೆಗೆಯಲಿ. ಹೆಸರು ತಿಳಿಯದಿದ್ದರೆ ಸೊಪ್ಪು ತರುವ ಅಜ್ಜಿಯನ್ನು ಕೇಳಲಿ. ಒಂದು ಪ್ರತಿ ಶಾಲೆಯಲ್ಲಿರಲಿ, ಇನ್ನೊಂದನ್ನು ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಪಡೆಯಲಿ. ಸ್ವೀಕೃತಿ ಕೊಡಲೊಪ್ಪದ ಪಂಚಾಯಿತಿಯನ್ನು ಪ್ರಶ್ನಿಸಲು ಗ್ರಾಮಸಭೆಯಿದೆ.